ಮಾಡಿದವನ ಪಾಲು

ನವೆಂಬರ್ ೧೮, ಭಾನುವಾರ ಸಂಜೆ

ಪ್ರೀತಿಯ ಮೊಂಡಿ,

ಅಣ್ಣನ ಪ್ರೀತಿ, ಆಶೀರ್ವಾದ, ತಪ್ಪೊಪ್ಪಿಗೆ, ಮೂರೂ ಒಂದೇ ಲಕೋಟೆಯಲ್ಲಿ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. 'ಅಣ್ಣನಿಗೆ ಏನೋ ಆಗಿದೆ' ಅಂತ ನೀನು ಗಾಬರಿಯಾಗಿದ್ದರೆ, ಏನೂ ಆಗಿಲ್ಲ. ಸಕ್ಕರೆ ಸ್ವಲ್ಪ ಏರಿದೆ, ಕೂದಲು ಪೂರ್ತಿ ಇಳಿದಿದೆ, ಒಟ್ಟಾರೆ ಸರಾಸರಿ ಚೆನ್ನಾಗಿದೆ. ಮಂಡಿ ಮಾತ್ರ ನಿನ್ನ ಹೆಸರು ಉಳಿಸಿಕೊಂಡು ಮೊಂಡುತನ ಮಾಡುತ್ತದೆ. ಪ್ರಾರ್ಥನೆಗೆ ಒಮ್ಮೆ ಊರಿದರೆ ಎಬ್ಬಿಸೋಕೆ ಊರೇ ಬರಬೇಕು.

ಡಿಸೆಂಬರಿನಲ್ಲಿ ಬರುತ್ತೇನೆ ಅಂತ ಬರೆದಿದ್ದೀಯ. ಒಂಬತ್ತು ವರ್ಷದ ಮೇಲೆ! 'ಒಂದು ತಿಂಗಳಾದರೂ ಇರ್ತೀನಿ, ಮನಸ್ಸು ನಿಂತರೆ ಅಲ್ಲೇ ಇದ್ದುಬಿಡ್ತೀನಿ' ಅಂತಲೂ ಬರೆದಿದ್ದೀಯ. ಆ ಸಾಲನ್ನು ಬಿಡಿಸಿ ಬಿಡಿಸಿ ಓದಿ ಕಾಗದ ಮಡಿಕೆಯ ಹತ್ತಿರ ಹರಿದಿದೆ. ನೀನು ಹೇಳಿದ ಹಾಗೆ ನಿನ್ನ ಕೋಣೆಯ ಕಿಟಕಿಗೆ ಬಡಗಿಯನ್ನು ಕರೆಸಿದೆ. ಅರ್ಧ ದಿನದ ಕೆಲಸಕ್ಕೆ ಮೂರು ದಿನ ಬಂದ. ನನಗೇನೂ ಬೇಸರವಾಗಲಿಲ್ಲ, ಮನೆಯಲ್ಲಿ ಇನ್ನೊಬ್ಬರು ಕೆಮ್ಮುವ ಸದ್ದಿತ್ತು. ಕೆಲಸ ಮುಗಿದ ಮೇಲೆ, ಬಾಗಿಲೂ ಸ್ವಲ್ಪ ಕಿರುಗುಟ್ಟುತ್ತದೆ ಅಂತ ಸುಳ್ಳು ಹೇಳಿ ಮತ್ತೆ ಕರೆಸಿದೆ. ಅವನು ಬಾಗಿಲನ್ನು ಆಚೆ ಈಚೆ ಆಡಿಸಿ, "ಇದು ಕಿರುಗುಟ್ಟಲ್ಲ ಸಾರ್" ಅಂದ. "ನಾನಿಲ್ಲದಾಗ ಕಿರುಗುಟ್ಟುತ್ತೆ" ಅಂದೆ. ಪಾಪ, ಎಣ್ಣೆ ಬಿಟ್ಟು ಹೋದ. ಈಗ ಈ ಮನೆಯಲ್ಲಿ ನನ್ನನ್ನು ಕೂಗಿ ಕರೆಯುವುದು ಕುಕ್ಕರ್ ಒಂದೇ.

ಕಾಲೇಜಿನಲ್ಲಿ ಆಯುಷ್ಯವೆಲ್ಲ ತರ್ಕಶಾಸ್ತ್ರ ಕಲಿಸಿದವನು ಈಗ ತರಕಾರಿಶಾಸ್ತ್ರ ಕಲಿಯುತ್ತಿದ್ದೇನೆ. ಮೂವರಿಗೆ ಕೊಳ್ಳುವುದು ಸುಲಭವಾಗಿತ್ತು, ಒಬ್ಬನಿಗೆ ಕೊಳ್ಳುವುದು ಕಷ್ಟ. ಅರ್ಧ ಎಲೆಕೋಸು ಕೊಡಿ ಅಂದರೆ ಅಂಗಡಿಯವಳು ನನ್ನನ್ನು ಮರುಕದಿಂದ ನೋಡುತ್ತಾಳೆ. ಆ ನೋಟ ತಪ್ಪಿಸಿಕೊಳ್ಳಲು ಇಡೀ ಎಲೆಕೋಸು ತಂದು ವಾರವೆಲ್ಲ ಅದನ್ನೇ ತಿನ್ನುತ್ತೇನೆ. ನೀನು ಬಂದರೆ ಎಲೆಕೋಸಿಗೂ ಬಿಡುಗಡೆ.

ನೋಡಿದೆಯಾ, ಮತ್ತೆ ಸುತ್ತು ಹೊಡೆಯುತ್ತಿದ್ದೇನೆ. ಉತ್ತರ ತಡವಾಗಿದ್ದು ಯಾಕೆಂದರೆ, ಪೆನ್ನು ಹಿಡಿದಾಗಲೆಲ್ಲ ನಿನ್ನ ಕೊನೆಯ ಸಾಲು ಕಣ್ಣಿಗೆ ಬೀಳುತ್ತಿತ್ತು. 'ಮತ್ತೆ, ಅಲ್ಲೇನು ಹೊಸದು?'

ಹೊಸದು ಒಂದಿದೆ. ಕೂತುಕೊಂಡು ಓದು. ಅವನು ಹೊರಗೆ ಬಂದಿದ್ದಾನೆ.

ಹೌದು, ಅವನೇ. ಬೆಳಿಗ್ಗೆಯೇ ಕುಡಿದು, ಲಾಂಡ್ರಿಯ ವ್ಯಾನನ್ನು ಪಾದಚಾರಿಗಳ ದಾರಿಗೆ ಹತ್ತಿಸಿ, ಶಾಲೆಗೆ ಹೊರಟಿದ್ದ ನಿನ್ನ ಮಗಳನ್ನು, ನಮ್ಮ ಪಟಪಟಿಯನ್ನು, ಇಲ್ಲವಾಗಿಸಿದವನು. ಸುಮ್ಮನೆ ಹೊರಗೆ ಬಂದಿದ್ದರೆ ನಾನು ಅದನ್ನು ನಿನಗೆ ಹೇಳದೆ ಕಿಟಕಿ, ಎಲೆಕೋಸಿನಲ್ಲೇ ಕಾಗದ ಮುಗಿಸಿಬಿಡುತ್ತಿದ್ದೆನೇನೋ. ಅವನು ನಮ್ಮ ಚರ್ಚಿಗೇ ಬರುತ್ತಿದ್ದಾನೆ. ಕೊನೆಯ ಬೆಂಚಿನಲ್ಲಿ ಕೂರುತ್ತಾನೆ.

ನೀನು ಇಲ್ಲಿಗೇ ಓದು ನಿಲ್ಲಿಸಿ, ಡಿಸೆಂಬರಿನ ಟಿಕೆಟ್ ರದ್ದು ಮಾಡಿದರೆ ನಿನ್ನ ತಪ್ಪು ಅನ್ನಲಾರೆ. ಆದರೆ ನೀನು ಬಂದು, ನಮ್ಮ ಹಳೆಯ ಬೆಂಚಿನಲ್ಲಿ ಕೂತು, ಯಾರೋ ಕೆಮ್ಮಿದರು ಅಂತ ಹಿಂತಿರುಗಿ ನೋಡಿ ತಿಳಿದುಕೊಳ್ಳುವ ಹಾಗಾಗಬಾರದು. ನೀನು ಬರುವ ಆಸೆಗೆ ಬಾಯಿ ಮುಚ್ಚಿಕೊಂಡು ಕೂರಬೇಕು ಅಂತ ಒಂದು ತಿಂಗಳು ಹೆಣಗಾಡಿದೆ. ಇವತ್ತು ಬೆಳಿಗ್ಗೆ ಚರ್ಚಿನಲ್ಲಿ ನಡೆದ ಮೇಲೆ ಅದೂ ಸಾಧ್ಯವಿಲ್ಲ. ನಡೆಸಿದವನು ನಾನೇ.

ಮೊದಲಿನಿಂದ ಹೇಳುತ್ತೇನೆ.

ಸೆಪ್ಟೆಂಬರಿನ ಒಂದು ಭಾನುವಾರ. ಈಗಿರುವ ಪಾಸ್ಟರು ನಿನಗೆ ಗೊತ್ತಿಲ್ಲ. ಹುಡುಗ. ಮೀಸೆ ಇನ್ನೂ ಪ್ರಾರ್ಥನೆಯ ಹಂತದಲ್ಲಿದೆ. ಹೊಸಬರು ಎದ್ದು ನಿಂತು ತಮ್ಮ ಪರಿಚಯ ಹೇಳುವ ಪದ್ಧತಿ ಹಾಗೇ ಇದೆ. ಹಿಂದಿನಿಂದ ಒಬ್ಬ ಎದ್ದ. "ಎಲ್ಲಿಂದ ಬಂದ್ರಿ?" ಅಂತ ಪಾಸ್ಟರು ನಗುನಗುತ್ತಾ ಕೇಳಿದರು. "ಜೈಲಿಂದ ಅಯ್ಯಾ" ಅಂದ. ನಿನ್ನ ಬ್ಯಾಂಕಮ್ಮ ಗೊತ್ತಲ್ಲ, ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೂತು ಈಗಲೂ ಎಲ್ಲರನ್ನೂ ಗಾಜಿನ ಆಚೆಯಿಂದ ನೋಡುವವರು, ಅವರು ಮೆಲ್ಲಗೆ, "ಅಯ್ಯೋ, ಯಾವ ಊರು ಅಂತ ಕೇಳಿದ್ದಪ್ಪಾ" ಅಂದರು. ಅಲ್ಲಲ್ಲಿ ನಕ್ಕರು. ನಾನೂ ನಗುತ್ತಾ ತಿರುಗಿ ನೋಡಿದೆ.

ಕೋರ್ಟಿನಲ್ಲಿ ನಾವು ನೋಡಿದ್ದು ಅವನ ಬೆನ್ನನ್ನೇ ಹೆಚ್ಚು, ಅಲ್ಲವಾ? ಆದರೂ ಗುರುತು ಸಿಕ್ಕಿತು. ಸಣ್ಣಗಾಗಿದ್ದಾನೆ. ನಗು ನನ್ನ ಮುಖದ ಮೇಲೆ ಹಾಗೇ ಉಳಿದುಬಿಟ್ಟಿತು, ಎಲ್ಲಿಡಬೇಕು ಗೊತ್ತಾಗಲಿಲ್ಲ. ಅವನೂ ನನ್ನನ್ನು ನೋಡಿದ. ಮಾತು ಮುಗಿಸದೆ ಕೂತುಬಿಟ್ಟ. ಅವತ್ತಿನಿಂದ ನನ್ನ ಬೆನ್ನನ್ನು ಅವನು ನೋಡುವ ಸರದಿ. ಬೆನ್ನಿಗೆ ಮುಖಭಾವ ಇರಲ್ಲ ಅಂತ ಯಾರು ಹೇಳಿದರೋ. ನನ್ನ ಬೆನ್ನು ಪ್ರತಿ ಭಾನುವಾರ ಒಂದು ಭಾಷಣ ಮಾಡುತ್ತಿತ್ತು.

ಅವನು ಅಲ್ಲಿ ಹೇಗೆ ದೇವರ ಕಡೆ ತಿರುಗಿದ ಅಂತ ಪಾಸ್ಟರು ಆಮೇಲೆ ಹೇಳಿದರು. ಜೈಲಿಗೆ ಭಾನುವಾರ ಒಬ್ಬರು ಅಜ್ಜಿ ಹಾಡು ಹೇಳಿಸಲು ಬರುತ್ತಿದ್ದರಂತೆ, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ ಇರುತ್ತಿತ್ತಂತೆ. "ನಾನು ಹೋಗಿದ್ದೇ ಬಿಸ್ಕತ್ತಿಗೆ. ಒಂದಿನ ಬಿಸ್ಕತ್ತು ಮುಗೀತು, ಆದ್ರೆ ಎದ್ದು ಬರೋಕಾಗ್ಲಿಲ್ಲ" ಅಂದನಂತೆ. ಈಗ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾನೆ. ಚರ್ಚಿನ ಹಾಲ್ ಹಿಂದಿನ ಕೋಣೆಯಲ್ಲಿ ಮಲಗುತ್ತಾನೆ. ಕುಡಿಯಲ್ಲ. ಇದೆಲ್ಲ ಕೇಳಿ ನಾನು, "ಒಳ್ಳೇದಾಯ್ತು" ಅಂದೆ. ಹಲ್ಲು ಕಿತ್ತಿಸಿಕೊಂಡವರು ದಂತವೈದ್ಯರಿಗೆ ಥ್ಯಾಂಕ್ಸ್ ಅನ್ನುತ್ತಾರಲ್ಲ, ಆ ದನಿಯಲ್ಲಿ.

ನಿನಗೆ ಹೇಳಿಲ್ಲ, ಪ್ರಾರ್ಥನೆಯಲ್ಲಿ ತಪ್ಪು ಮಾಡಿದವರನ್ನು ಕ್ಷಮಿಸುವ ಆ ಒಂದು ಸಾಲು ಇದೆಯಲ್ಲ, ಅದು ಬಂದಾಗಲೆಲ್ಲ ಇಷ್ಟು ವರ್ಷವೂ ನನಗೆ ಕೆಮ್ಮು. ಮೊದಮೊದಲು ಬೇಕೆಂದೇ ಕೆಮ್ಮುತ್ತಿದ್ದೆ, ಆಮೇಲೆ ಅದೇ ರೂಢಿಯಾಗಿ ತಾನಾಗಿಯೇ ಬರತೊಡಗಿತು. ಆರ್ಗನ್ ಆಂಟಿ ಒಂದು ದಿನ ಕೆಮ್ಮಿನ ಗುಳಿಗೆ ತಂದುಕೊಟ್ಟು, "ಸರಿಯಾಗಿ ಅದೇ ಸಾಲಿಗೆ ಬರುತ್ತಲ್ಲ ನಿಮ್ಮ ಕೆಮ್ಮು, ನನಗಿಂತ ತಾಳ ಚೆನ್ನಾಗಿದೆ" ಅಂದರು. ಪೆದ್ದಿಯಲ್ಲ ಆಕೆ. ಗುಳಿಗೆ ಮಾತ್ರ ನಿಜವಾಗಿಯೂ ಒಳ್ಳೆಯದಿತ್ತು.

ಇನ್ನು ರೊಟ್ಟಿಯ ಸಂಗತಿ. ಕರ್ತನ ಭೋಜನದಲ್ಲಿ ಎಲ್ಲರೂ ಹಂಚಿಕೊಂಡು ತಿನ್ನುವ ರೊಟ್ಟಿಯನ್ನು ನಮ್ಮಲ್ಲಿ ಬೇಕರಿಯಿಂದ ತರುವುದಿಲ್ಲ, ಒಂದೊಂದು ಸಲ ಒಂದೊಂದು ಮನೆಯವರು ಸುಟ್ಟು ತರುತ್ತಾರೆ, ನೆನಪಿದೆಯಲ್ಲ? ನೀನು ಒಮ್ಮೆ ಯೀಸ್ಟ್ ಹಾಕಲು ಮರೆತು, ಪಾಸ್ಟರು ಅದನ್ನು ಮುರಿಯಲಾಗದೆ ಮೇಜಿನ ಅಂಚಿಗೆ ಕುಟ್ಟಿದ್ದು? ಆ ಸರದಿಯಲ್ಲಿ ಅವನ ಹೆಸರನ್ನೂ ಸೇರಿಸಬೇಕು ಅಂತ ಪಾಸ್ಟರಿಗೆ ಹೊಳೆಯಿತು. ಜೈಲಿನ ಬೇಕರಿಯಲ್ಲಿ ಕೆಲಸ ಕಲಿತಿದ್ದಾನಂತೆ. ನನ್ನ ಮನೆಗೇ ಬಂದರು.

"ಸರ್, ನೀವು ಬೇಡ ಅಂದ್ರೆ ಬೇಡ."

"ನಾನು ಬೇಡ ಅಂದಿಲ್ಲ."

"ಹಾಗಾದ್ರೆ ಆಗ್ಲಿ ಅಂತೀರಾ?"

"ಹಾಗೂ ಅಂದಿಲ್ಲ."

"ಮತ್ತೆ ಏನಂದ್ರಿ ಸರ್?"

"ಚಹಾ ತಗೊಳ್ಳಿ ಅಂದೆ."

ಚಹಾ ಕುಡಿದರು. ತರ್ಕದ ಪ್ರಕಾರ ನಾನು ಒಪ್ಪಿರಲಿಲ್ಲ. ಪಾಸ್ಟರ ಪ್ರಕಾರ ಒಪ್ಪಿದ್ದೆ. ತರ್ಕಶಾಸ್ತ್ರಕ್ಕೆ ವಿದ್ಯಾರ್ಥಿಗಳು ಯಾಕೆ ಕಡಿಮೆಯಾದರು ಅಂತ ಈಗ ತಿಳಿಯಿತು.

ಅವನ ಹತ್ತಿರ ಒಲೆ ಇಲ್ಲ, ಹಾಗಾಗಿ ಚರ್ಚ್ ಹಾಲ್‌ನ ಅಡುಗೆಮನೆಯಲ್ಲೇ ಸುಡಬೇಕು. ಅಡುಗೆಮನೆ ತೆರೆದರೆ ಬೀಗದ ಕೈ ಇಟ್ಟುಕೊಂಡ ಹಿರಿಯರೊಬ್ಬರು ಜೊತೆಯಲ್ಲಿರಬೇಕು. ಈ ವರ್ಷ ಬೀಗದ ಕೈ ಯಾರ ಹತ್ತಿರ ಅಂತ ಬಿಡಿಸಿ ಹೇಳಬೇಕೇ? ಬೇರೆಯವರಿಗೆ ಕೊಟ್ಟು ತಪ್ಪಿಸಿಕೊಳ್ಳಬಹುದಿತ್ತು. ಬ್ಯಾಂಕಮ್ಮ ತಾವಾಗಿಯೇ, "ಕೊಡಿ ಮೇಷ್ಟ್ರೇ, ನಾನು ಹೋಗ್ತೀನಿ" ಅಂದಿದ್ದರು. ಕೊಡಲಿಲ್ಲ. ಯಾಕೆ ಅಂತ ಕೇಳಬೇಡ. ಶನಿವಾರ ಮಧ್ಯಾಹ್ನ ಮನೆಯಲ್ಲಿ ಮಾಡಲು ಬೇರೆ ಏನೂ ಇರಲಿಲ್ಲ ಅಂತ ಇಟ್ಟುಕೋ.

ನಾನು ಬಾಗಿಲ ಹತ್ತಿರ ಸ್ಟೂಲ್ ಹಾಕಿ ಪೇಪರ್ ಅಡ್ಡ ಹಿಡಿದು ಕೂತೆ. ಅವನು ಹಿಟ್ಟು ನಾದಿದ. ಒಂದು ತಕ್ಕಡಿ ತಂದಿದ್ದ. ಹಿಟ್ಟನ್ನು ಉಂಡೆ ಮಾಡಿ ಒಂದೊಂದನ್ನೂ ತೂಗುತ್ತಿದ್ದ. ಚಿಟಿಕೆ ಕಿತ್ತು, ಮತ್ತೆ ಚಿಟಿಕೆ ಅಂಟಿಸಿ, ಚಿನ್ನದಂಗಡಿಯವನ ಹಾಗೆ. ಆ ಉಂಡೆಗಳನ್ನು ಒಂದೇ ತಟ್ಟೆಯಲ್ಲಿ ಒತ್ತೊತ್ತಾಗಿ ಜೋಡಿಸಿದ. ಬೆಂದಾಗ ಅವೆಲ್ಲ ಉಬ್ಬಿ ಅಂಟಿಕೊಂಡು ಒಂದೇ ರೊಟ್ಟಿಯಾಗುತ್ತವೆ. ಎಳೆದರೆ ಒಬ್ಬೊಬ್ಬರದು ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ.

ಎಷ್ಟು ಹೊತ್ತು ಸುಮ್ಮನಿರೋದು? "ಯಾಕೆ ತೂಗೋದು?" ಅಂತ ಕೇಳಿದೆ. ಒಂಬತ್ತು ವರ್ಷದಲ್ಲಿ ಅವನಿಗೆ ನಾನು ಆಡಿದ ಮೊದಲ ಮಾತು ಅದು. ಎಷ್ಟೋ ಸಲ ಕನ್ನಡಿಯ ಮುಂದೆ ಬೇರೆ ಬೇರೆ ಮಾತು ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಯಾವುದೂ ತಕ್ಕಡಿಯ ಬಗ್ಗೆ ಇರಲಿಲ್ಲ.

"ಅಲ್ಲಿ ಹಂಗೇ ಮೇಷ್ಟ್ರೇ. ಒಬ್ಬನಿಗೆ ಜಾಸ್ತಿ ಹೋದ್ರೆ ಇನ್ನೊಬ್ಬನ ಹಲ್ಲು ಉದುರುತ್ತೆ."

"ನಮ್ಮ ಸಭೇಲಿ ಉದುರೋಕೆ ಹಲ್ಲಿರೋರೇ ಕಮ್ಮಿ."

ಬಾಯಿಂದ ಜಾರಿಹೋಯಿತು, ಮೊಂಡಿ. ಅವನ ಮುಂದೆ ನಾನು ತಮಾಷೆ ಮಾಡಿಬಿಟ್ಟಿದ್ದೆ. ಅವನು ನಗಲಿಲ್ಲ, ಬಗ್ಗಿದವನು ಬಗ್ಗಿದ ಹಾಗೇ ಹಿಟ್ಟನ್ನು ಹಿಡಿದು ನಿಂತ. ನನಗೆ ಎಷ್ಟು ನಾಚಿಕೆಯಾಯಿತು ಅಂದರೆ, ಎದ್ದು ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದು ಬಂದೆ. ಮಗುವಿಗೆ ದ್ರೋಹ ಮಾಡಿದ ಹಾಗಿತ್ತು. ನಿನಗೂ.

ಒಳಗೆ ಬಂದಾಗ ತಟ್ಟೆಗೆ ಒದ್ದೆ ಬಟ್ಟೆ ಮುಚ್ಚಿ, ಹಿಟ್ಟು ಉಬ್ಬುವುದನ್ನು ಕಾಯುತ್ತಿದ್ದ. ಆ ಹೊತ್ತಿನಲ್ಲಿ ಅವನು ನನ್ನನ್ನು ಒಂದು ಪ್ರಶ್ನೆ ಕೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ. ಉತ್ತರ ಕೊಟ್ಟೆ ಅಂತಷ್ಟೇ ಇಟ್ಟುಕೋ. ಆಮೇಲೆ ಅವನು ತಟ್ಟೆಯನ್ನು ಒಲೆಯೊಳಗಿಟ್ಟ. ರೊಟ್ಟಿ ಬೆಂದ ವಾಸನೆ ಬಂತು. ಅಷ್ಟು ಒಳ್ಳೆಯ ವಾಸನೆ ಬರಬಾರದಿತ್ತು ಅನ್ನಿಸಿತು.

ಈಗ ಒಂದು ಲೋಟ ಚಹಾ ಮಾಡಿಕೊಂಡು ಬರುತ್ತೇನೆ. ಮುಂದಿನದಕ್ಕೆ ಗಂಟಲು ಬೇಕು.

ಬಂದೆ. ಚಹಾಕ್ಕೆ ಸಕ್ಕರೆ ಹಾಕಿಲ್ಲ, ಬೈಯಬೇಡ.

ಇವತ್ತು ಚರ್ಚು ತುಂಬಿತ್ತು. ಸುದ್ದಿ ಹೋಗಿತ್ತಲ್ಲ. ಕ್ಷಮೆಯ ಬಗ್ಗೆ ಪ್ರಸಂಗ ಅಂದರೆ ಅರ್ಧ ಬೆಂಚು ಖಾಲಿ, ಕ್ಷಮೆಯ ಪ್ರಾತ್ಯಕ್ಷಿಕೆ ಅಂದರೆ ನಿಲ್ಲಲು ಜಾಗವಿಲ್ಲ. ಎಷ್ಟು ಜನರಿಗೆ ರೊಟ್ಟಿ ಬೇಕು ಅಂತ ಅವನು ಬ್ಯಾಂಕಮ್ಮನನ್ನು ಮೊದಲೇ ಕೇಳಿದ್ದ. ಅವರು ಎಂದಿನ ತಲೆಗಳಿಗೆ ನಿರೀಕ್ಷಿತ ಕುತೂಹಲವನ್ನೂ ಕೂಡಿಸಿ ಅಂದಾಜು ಕೊಟ್ಟಿದ್ದರು. ಬ್ಯಾಂಕಿನಲ್ಲಿದ್ದವರ ಅಂದಾಜು, ಕೂದಲೆಳೆಯಷ್ಟೂ ತಪ್ಪಲಿಲ್ಲ.

ತಟ್ಟೆ ಬೆಂಚಿನಿಂದ ಬೆಂಚಿಗೆ ಹೋಯಿತು. ನಮ್ಮಲ್ಲಿ ಒಬ್ಬೊಬ್ಬರು ಮುರಿದುಕೊಳ್ಳುವುದೇ ಒಂದು ಚೆಂದ. ಬ್ಯಾಂಕಮ್ಮ ಯಾವಾಗಲೂ ಬಡ್ಡಿ ಸಮೇತ ಮುರಿಯುವವರು. ಇವತ್ತು ಅವರ ಕೈಗೂ ಎಲ್ಲರಷ್ಟೇ ಬಂತು. ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ನೀನು ಚಿಕ್ಕವಳಿದ್ದಾಗ, "ಎಲ್ಲರಿಗೂ ಬರೋ ತನಕ ಯಾಕೆ ಕೈಯಲ್ಲೇ ಹಿಡ್ಕೊಂಡು ಕೂರಬೇಕು, ಬೆವರಿಗೆ ಒದ್ದೆ ಆಗುತ್ತೆ" ಅಂತ ಜಗಳ ತೆಗೆಯುತ್ತಿದ್ದೆಯಲ್ಲ, ಆ ಪದ್ಧತಿ ಬದಲಾಗಿಲ್ಲ. ಎಲ್ಲರೂ ಹಿಡಿದುಕೊಂಡೇ ಇರಬೇಕು. ಕೊನೆಗೆ ಪಾಸ್ಟರು, "ಎಲ್ಲರಿಗೂ ಆಯ್ತಾ?" ಅಂತ ಕೇಳಬೇಕು. ಎಲ್ಲರೂ, "ಆಯ್ತು" ಅನ್ನಬೇಕು. ಆಮೇಲೆ ಒಟ್ಟಿಗೆ ತಿನ್ನಬೇಕು.

ಪಾಸ್ಟರು ಕೇಳಿದರು. ಯಾರೂ ಆಯ್ತು ಅನ್ನಲಿಲ್ಲ.

ಹಿಂದಿನ ಬೆಂಚಿನಿಂದ ಯಾರೋ, "ತಟ್ಟೆ ಖಾಲಿ ಅಯ್ಯಾ. ಇವರಿಗೊಬ್ಬರಿಗೆ ಇಲ್ಲ" ಅಂದರು.

ತಿರುಗಿ ನೋಡಿದೆವು. ಅವನು ತಲೆ ತಗ್ಗಿಸಿ ಕೈ ಮಡಿಸಿ ಕೂತಿದ್ದ. ಏನೂ ಕೊರತೆಯಾದ ಹಾಗೆ ಕಾಣಲಿಲ್ಲ. ಎಲ್ಲರೂ ನೋಡುತ್ತಿದ್ದಾರೆ ಅಂತ ಗೊತ್ತಾದಾಗ ಗಾಬರಿಬಿದ್ದು ಎದ್ದ.

"ನಂಗೆ ಬೇಡಿ ಅಯ್ಯಾ. ನಾನು ನನ್ನದು ತೂಗಿಲ್ಲ. ಮಾಡಿದೋರು ತಟ್ಟೆಯಿಂದ ತಗೊಳ್ಳೋ ಹಂಗಿಲ್ಲ. ಆಮೇಲೆ ತಳದಲ್ಲಿ ಅಂಟಿರುತ್ತಲ್ಲ, ಅದು."

"ಯಾರು ಹೇಳಿದ್ದು?"

"ಅಲ್ಲಿ ಹಂಗೇ ಅಯ್ಯಾ."

"ಇಲ್ಲಿ ಹಾಗಲ್ಲ" ಅಂದರು ಪಾಸ್ಟರು. ಆ ಹುಡುಗನಿಗೂ ಮುಂದೇನು ಮಾಡಬೇಕು ಗೊತ್ತಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಕೈಯಲ್ಲಿದ್ದ ತುಂಡನ್ನು ನೋಡಿಕೊಂಡರು. ಯಾರು ಬೇಕಾದರೂ ಅರ್ಧ ಮುರಿದು ಕೊಡಬಹುದಿತ್ತು. ಅಕ್ಕಪಕ್ಕದಲ್ಲೇ ಎಷ್ಟು ಜನ! ಯಾರೂ ಅಲ್ಲಾಡಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ನೋಡತೊಡಗಿದರು.

ಆ ಹೊತ್ತು ಎಷ್ಟಿತ್ತೋ ಗೊತ್ತಿಲ್ಲ. ಆರ್ಗನ್ ಆಂಟಿಯ ಪಾದ ಪೆಡಲಿನ ಮೇಲಿದ್ದು, ವಾದ್ಯ ಉಸಿರು ಹಿಡಿದುಕೊಂಡ ಹಾಗೆ ಸಣ್ಣಗೆ ಗುಂಯ್ ಅನ್ನುತ್ತಿತ್ತು. ನನಗೆ ಪಟಪಟಿಯ ಶಾಲೆಯ ಚೀಲ ನೆನಪಾಯಿತು. ಆ ದಿನವೆಲ್ಲ ನೀನು ಅದನ್ನು ನೆಲಕ್ಕೆ ಇಡಲು ಒಪ್ಪದೆ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದು ನೆನಪಾಯಿತು. ಕೂತೇ ಇದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. 'ಪಾಪ ಮೇಷ್ಟ್ರು' ಅನ್ನುತ್ತಿದ್ದರು. ಒಂಬತ್ತು ವರ್ಷದಿಂದ ಅದೇ ನನ್ನ ಹುದ್ದೆ.

ಎದ್ದೆ. ಮಂಡಿ ಕಟಕ್ ಅಂದ ಸದ್ದು ಇಡೀ ಚರ್ಚಿಗೆ ಕೇಳಿಸಿತು. ಹಿಂದಿನ ಬೆಂಚಿನ ತನಕ ನಡೆದೆ. ಅವನು ನನ್ನನ್ನು ನೋಡಿ, ಹೊಡೆಯಲು ಬಂದನೇನೋ ಅನ್ನುವ ಹಾಗೆ ಒಂದು ಹೆಜ್ಜೆ ಹಿಂದಕ್ಕೆ ಸರಿದ, ಹಿಂದೆ ಗೋಡೆಯಿತ್ತು. ತುಂಡನ್ನು ಮುರಿದೆ. ಅವನು ಅಷ್ಟು ತೂಗಿ ಮಾಡಿದ್ದನ್ನು ನಾನು ಸಮವಾಗಿ ಮುರಿಯಲಿಲ್ಲ. ಒಂದು ದೊಡ್ಡದಾಯಿತು, ಒಂದು ಚಿಕ್ಕದಾಯಿತು. ಎರಡನ್ನೂ ಹಿಡಿದು ಅಲ್ಲೇ ನಿಂತೆ. ಯಾವುದನ್ನು ಕೊಡಲಿ? ಕಥೆಯಲ್ಲಾಗಿದ್ದರೆ ದೊಡ್ಡದನ್ನು ಕೊಡುತ್ತಿದ್ದೆ. ನಿನಗೆ ಸುಳ್ಳು ಬರೆಯುವುದಿಲ್ಲ. ಚಿಕ್ಕದನ್ನು ಕೊಟ್ಟೆ.

ಅವನು ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ತೆಗೆದುಕೊಂಡ. ನಾನು, "ಆಯ್ತು" ಅಂದೆ. ಒಬ್ಬನೇ. ನನ್ನ ಹಿಂದೆ ಎಲ್ಲರೂ ಅಂದರು. ತಿಂದೆವು. ರೊಟ್ಟಿಗೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು.

ಹೊರಗೆ ಬಂದಾಗ ಬ್ಯಾಂಕಮ್ಮ ನನ್ನ ತೋಳು ಹಿಡಿದುಕೊಂಡು, "ನಾನೇ ಕೊಡ್ತಿದ್ದೆ ಮೇಷ್ಟ್ರೇ, ಕೈ ಮುಂದೆ ಬಂದಿತ್ತು. ನೀವು ಏನಂದ್ಕೋತೀರೋ ಅಂತ..." ಅಂದರು. ಆರ್ಗನ್ ಆಂಟಿಯೂ ಅದನ್ನೇ ಹೇಳಿದರು. ಅವನ ಪಕ್ಕದಲ್ಲೇ ಕೂತವರೂ ಅದನ್ನೇ. ಒಳ್ಳೆಯ ಜನ, ನನಗಾಗಿ ಮರ್ಯಾದೆಯಿಂದ ಕಲ್ಲಾಗಿದ್ದರು. ನಾನು ಸುಮ್ಮನೆ ನನ್ನ ದುಃಖ ಇಟ್ಟುಕೊಂಡು ಕೂತಿದ್ದೇನೆ ಅಂದುಕೊಂಡಿದ್ದೆ. ಆ ದುಃಖ ಇಡೀ ಚರ್ಚಿನ ಬಾಗಿಲಿಗೆ ಚಿಲಕವಾಗಿತ್ತು ಅಂತ ಇವತ್ತು ಗೊತ್ತಾಯಿತು.

ಇದು ಕ್ಷಮೆಯೋ ಅಲ್ಲವೋ ನನಗೆ ತಿಳಿಯದು. ಪಾಸ್ಟ‌ರನ್ನು ಕೇಳಿದೆ. "ನಂಗೂ ಪೂರ್ತಿ ಗೊತ್ತಿಲ್ಲ ಸರ್, ಆದ್ರೆ ಸೈತಾನನ ಕೆಲಸ ಅಂತೂ ಅಲ್ಲ" ಅಂದರು. ಮೀಸೆ ಬರುತ್ತದೆ ಆ ಹುಡುಗನಿಗೆ. ನನ್ನ ಮಟ್ಟಿಗೆ, ಮನೆಗೆ ಬಂದ ಮೇಲೂ ಅವನ ಮೇಲಿನ ಸಿಟ್ಟು ಇದ್ದ ಜಾಗದಲ್ಲೇ ಇತ್ತು, ಮುಟ್ಟಿ ನೋಡಿದೆ. ಆದರೆ ಅದರ ಪಕ್ಕದಲ್ಲಿ ಈಗ ಇನ್ನೊಬ್ಬರು ಕೂರುವಷ್ಟು ಜಾಗವಾಗಿದೆ.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ನಾನು ಮುರಿದದ್ದು ನನ್ನ ಪಾಲಿನದನ್ನು. ನಿನ್ನ ಪಾಲನ್ನು ಮುಟ್ಟಿಲ್ಲ, ಮುಟ್ಟುವ ಹಕ್ಕೂ ಇಲ್ಲ. ಅದು ನಿನ್ನ ಕೈಯಲ್ಲಿದೆ, ಬೆವರಿಗೆ ಒದ್ದೆಯಾಗಲಿ, ಒಣಗಲಿ, ಕೊಡು, ಕೊಡದೇ ಇರು. ಈ ಬಗ್ಗೆ ನಿನಗೆ ಯಾರಾದರೂ ಉಪದೇಶ ಮಾಡಲು ಬಂದರೆ ಅವರನ್ನು ಮೊದಲು ನನ್ನ ಹತ್ತಿರ ಕಳಿಸು, ತರ್ಕಶಾಸ್ತ್ರದ ಮೊದಲ ಪಾಠ ಮಾಡಿ ನಿದ್ದೆ ಬರಿಸುತ್ತೇನೆ.

ನೀನು ಬರುವ ಸುದ್ದಿ ಅವನಿಗೆ ಪಾಸ್ಟರಿಂದ ತಿಳಿದಿದೆ. ಇವತ್ತು ತಟ್ಟೆ ತೊಳೆದು ಬೀಗದ ಕೈ ಕೊಡಲು ಬಂದಾಗ ಹೇಳಿದ: "ಅಮ್ಮ ಬರ್ತಾರಂತೆ. ಅವರಿರೋವರೆಗೂ ನಾನು ಒಳಗೆ ಬರಲ್ಲ ಮೇಷ್ಟ್ರೇ. ಹೊರಗೆ ಮೆಟ್ಲ ಮೇಲೆ ಕೂತ್ರೂ ಹಾಡು ಕೇಳ್ಸುತ್ತೆ." "ಅವಳನ್ನೇ ಕೇಳಿ ಹೇಳ್ತೀನಿ" ಅಂದೆ. ಹಾಗಾಗಿ ಕೇಳುತ್ತಿದ್ದೇನೆ. ಮೆಟ್ಟಿಲು ಅಂದರೆ ಮೆಟ್ಟಿಲು. ಬೇರೆ ಚರ್ಚು ಅಂದರೆ ಬೇರೆ ಚರ್ಚು. ನೀನು ಚರ್ಚಿಗೇ ಬರದೆ ಮನೆಯಲ್ಲಿ ಕಿಟಕಿ ತೆರೆದು ಮುಚ್ಚಿ ತೆರೆದು ಮುಚ್ಚಿ ಕೂತರೂ ನನಗೆ ಸಂತೋಷವೇ, ಬಡಗಿ ಕಿಟಕಿ ಚೆನ್ನಾಗಿ ಮಾಡಿದ್ದಾನೆ. ಬರಲ್ಲ ಅನ್ನುವುದಾದರೆ ಅದನ್ನಾದರೂ ಬರೆ, ಒಂದೇ ಸಾಲು ಸಾಕು. ಅಂಚೆಯವನು ನಮ್ಮ ಬಾಗಿಲು ಬಂದಾಗ ಸೈಕಲ್ ನಿಧಾನ ಮಾಡುವುದನ್ನೇ ಬಿಟ್ಟಿದ್ದಾನೆ.

ಚಳಿಗೆ ಸ್ವೆಟರ್ ಹಾಕಿಕೋ, ರಾತ್ರಿ ಪಾಳಿ ಇದ್ದ ದಿನ ಹಗಲು ಮಲಗು. ಪ್ರಯೋಗಾಲಯದಲ್ಲಿ ಊರವರ ರಕ್ತವನ್ನೆಲ್ಲ ಪರೀಕ್ಷೆ ಮಾಡುವವಳು ನಿನ್ನದನ್ನೂ ಒಮ್ಮೆ ನೋಡಿಕೋ. ದೇವರು ನಿನ್ನ ಬೆನ್ನ ಹಿಂದೆ ಇರಲಿ, ನಿನ್ನ ರೈಲಿನ ಮುಂದೆ ಇರಲಿ, ನೀನು ಒಂಟಿಯಾಗಿ ಊಟಕ್ಕೆ ಕೂತಾಗ ಎದುರಿನ ಕುರ್ಚಿಯಲ್ಲಿರಲಿ.

ಎಂದೆಂದೂ ನಿನ್ನ,
ಅಣ್ಣ

ತಾ.ಕ.: ಲಕೋಟೆ ಅಂಟಿಸಿದ್ದೆ, ಬಿಡಿಸಿದೆ. ಶನಿವಾರ ಅವನು ಕೇಳಿದ ಪ್ರಶ್ನೆ ಬರೆಯುವುದಿಲ್ಲ ಅಂದಿದ್ದೆನಲ್ಲ. ಕ್ಷಮೆ ಕೇಳಿರಬೇಕು ಅಂತ ನೀನು ಅಂದುಕೊಂಡಿರುತ್ತೀಯ. ಕೇಳಲಿಲ್ಲ. ಹಿಟ್ಟಿನ ಬಟ್ಟೆಯನ್ನು ನೋಡುತ್ತಾ, "ಮೇಷ್ಟ್ರೇ, ಮಗು ನಿಮ್ಮನ್ನ ಏನಂತ ಕರೀತಿತ್ತು?" ಅಂದ.

ಆ ಬೆಳಗಿನಿಂದ ಇವತ್ತಿನ ತನಕ ಎಲ್ಲರೂ ನನ್ನನ್ನು ಕೇಳಿದ್ದು ಒಂದೇ, "ನಿಮ್ಮ ತಂಗಿ ಹೇಗಿದ್ದಾರೆ?" ಅದು ಸರಿಯೇ, ಹೆತ್ತವಳು ನೀನು. ಮಾವ ಅಂದರೆ ಸಾವಿನ ಮನೆಯಲ್ಲಿ ಕುರ್ಚಿ ಜೋಡಿಸುವವನು, ಬಂದವರಿಗೆ ಚಹಾ ಕೊಟ್ಟು ಏನಾದರೂ ಹಗುರ ಮಾತಾಡಿ ಕಳಿಸುವವನು. ನೀನು ಹೊರಟ ದಿನ ರೈಲಿನ ಕಿಟಕಿಯಿಂದ, "ಗ್ಯಾಸ್ ಆಫ್ ಮಾಡೋದು ಮರೀಬೇಡ, ಮಾತ್ರೆ ತಗೋ" ಅಂದೆ. ಇನ್ನೊಂದು ಮಾತು ಅನ್ನುತ್ತೀಯ ಅಂತ ರೈಲು ತಿರುವು ದಾಟುವ ತನಕ ಕೈ ಬೀಸುತ್ತಾ ಕಾದೆ. 'ನಿನಗೂ ಹೋಯಿತಲ್ಲ ಅಣ್ಣಾ' ಅಂತ.

ಅವನಿಗೆ ಹೇಳಿದೆ: "ಟುಸ್ ಮಾಮ." ನನ್ನ ತಮಾಷೆಯೆಲ್ಲ ಹೊತ್ತಿಕೊಳ್ಳದ ಪಟಾಕಿ ಅಂತ ಅವಳಿಟ್ಟ ಹೆಸರು. ಹೇಳಿದ ಮೇಲೆ ಬಾಯಿ ಮುಚ್ಚಲಾಗಲಿಲ್ಲ, ಅಡುಗೆಮನೆಯ ಗೋಡೆಗೆ ಒರಗಿ ಅತ್ತೆ. ಅವನು ಹತ್ತಿರ ಬರಲಿಲ್ಲ, ದೂರವೂ ಹೋಗಲಿಲ್ಲ.

ಅವಳು ಹೋದ ಮೇಲೆ ಆ ಹೆಸರನ್ನು ನಾನು ಮೊದಲ ಸಲ ಗಟ್ಟಿಯಾಗಿ ಅಂದದ್ದು ಅವನ ಮುಂದೆ, ಮೊಂಡಿ. ನಿನ್ನ ಮುಂದೆ ಅನ್ನಬೇಕಾಗಿತ್ತು. ಬಾ. ಬಂದು ನೀನೂ ಒಂದು ಸಲ ಕೇಳು.